ಆಯಿಯ ಮುಖ ಕಾಣುವ ಹಾಗೆ

ನಿಮ್ಮ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದ್ದರೆ ದಯಮಾಡಿ ಒಮ್ಮೆ ಹತ್ತಿರ ಹೋಗಿ ನೋಡಿರಿ. ಮುತ್ಯಾನದೋ ಆಯಿಯದೋ ಆಗಿರುವ ಆ ಚಿತ್ರದ ಅಂಚಿನಲ್ಲಿ ಬೇರೊಬ್ಬರ ತೋಳಿನ ತುಂಡು, ಇಲ್ಲವೇ ಯಾರದೋ ಸೀರೆಯ ಸೆರಗು ಉಳಿದುಕೊಂಡಿದೆಯೇ? ಉಳಿದಿದ್ದರೆ ಅದು ಗುಂಪಿನ ಫೋಟೋದಿಂದ ಕತ್ತರಿಸಿ ತೆಗೆದ ಮುಖ. ನಮ್ಮ ಹಿರಿಯರಲ್ಲಿ ಅನೇಕರು ತಮಗೆಂದು ಒಂದು ಫೋಟೋ ತೆಗೆಸಿಕೊಂಡವರೇ ಅಲ್ಲ. ಆಧಾರ್ ಕಾರ್ಡಿನ ಚಿತ್ರವನ್ನು ಬಿಟ್ಟರೆ ಅವರ ಮುಖ ಉಳಿಯುವುದು ಮದುವೆಯಲ್ಲೋ ಕ್ರಿಸ್ಮಸ್ ದಿನವೋ ಎಲ್ಲರ ನಡುವೆ ನಿಂತ ಗುಂಪಿನ ಚಿತ್ರದಲ್ಲಿ ಮಾತ್ರ. ಅವರು ತೀರಿಕೊಂಡ ದಿನ ಮನೆಯವರು ಮೊಬೈಲ್‌ಗಳನ್ನೆಲ್ಲ ತಡಕಾಡಿ ಅಂಥದೊಂದನ್ನು ಹುಡುಕಿ, ಸ್ಟುಡಿಯೋಗೆ ಒಯ್ದು, "ಈ ಮುಖ ಒಂದ ದೊಡ್ಡದ ಮಾಡಿ ಕೊಡ್ರಿ" ಎನ್ನುತ್ತಾರೆ. ಆ ಮುಖ ಕಪ್ಪಾಗಿದ್ದರೆ, ಕಣ್ಣು ಮುಚ್ಚಿದ್ದರೆ, ಸಾಸಿವೆ ಕಾಳಿನಷ್ಟೇ ಇದ್ದರೆ ಸ್ಟುಡಿಯೋದವರು ತಾನೇ ಏನು ಮಾಡಿಯಾರು?

ಅದಕ್ಕೆಂದೇ ಈ ವಾರ, ಮನೆಮಂದಿಯೆಲ್ಲ ಸೇರಿದಾಗ ಹೊರಗಡೆ ನಿಂತು ತೆಗೆಯುವ ಫೋಟೋದ ಬಗ್ಗೆ ಒಂದಿಷ್ಟು ಮಾತು. ಇದು ದೊಡ್ಡ ಕ್ಯಾಮರಾ ಇದ್ದವರಿಗಲ್ಲ, ಕೈಯಲ್ಲೊಂದು ಮೊಬೈಲ್ ಇದ್ದವರಿಗೆ. ವಿಜಯಪುರದ ಕಡೆಯ ಮನೆಗಳಲ್ಲಿ ಎಲ್ಲರೂ ಒಂದೇ ದಿನ ಸಿಗುವುದು ಎಷ್ಟು ಅಪರೂಪ ಎಂಬುದು ನಿಮಗೆ ಗೊತ್ತು. ಒಬ್ಬ ಮಗ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ, ಇನ್ನೊಬ್ಬ ಪುಣೆಗೆ, ಮಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಕ್ರಿಸ್ಮಸ್ಸಿಗೆ, ಒಂದು ಮದುವೆಗೆ, ಮಗುವಿನ ಜ್ಞಾನಸ್ನಾನಕ್ಕೆ ಸೇರಿದರೆ ಸೇರಿದರು. ಇಲ್ಲದಿದ್ದರೆ ಯಾರದಾದರೂ ಮಣ್ಣಿಗೇ ಸೇರುವುದು. ಸೇರಿದ ಆ ದಿನವೂ ಫೋಟೋಗೆಂದು ದೊರೆಯುವುದು ಹದಿನೈದು ನಿಮಿಷ. ಆ ಹದಿನೈದು ನಿಮಿಷವನ್ನು ಎಲ್ಲಿ, ಎಷ್ಟು ಹೊತ್ತಿಗೆ ಕಳೆಯಬೇಕು ಎಂದು ಮುಂಚೆಯೇ ಯೋಚಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಮನೆತನದವರನ್ನೆಲ್ಲ ಒಂದೇ ಚಿತ್ರದಲ್ಲಿ ಕೂಡಿಸುವ ಆಸೆ ಈ ಊರಿಗೆ ಹೊಸದೇನಲ್ಲ. ಸುಮಾರು 1680ರಲ್ಲಿ ಕಮಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಚಿತ್ರಕಾರರು ವಿಜಯಪುರದ ಆದಿಲ್ ಶಾಹಿ ಅರಸರ ಒಂದು ಚಿತ್ರ ಬರೆದರು. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಮನೆತನವನ್ನು ಕಟ್ಟಿದ ಯೂಸುಫನಿಂದ ಹಿಡಿದು ಕೊನೆಯ ಸಿಕಂದರನವರೆಗೆ ಸುಲ್ತಾನರು ಅದರಲ್ಲಿ ಒಟ್ಟಿಗೆ ಕುಳಿತಿದ್ದಾರೆ. ನಡುವೆ ಯೂಸುಫ, ಸಿಕಂದರ ಇನ್ನೂ ಹುಡುಗ. ಆದರೆ ಯೂಸುಫ ತೀರಿಕೊಂಡದ್ದು 1510ರಲ್ಲಿ. ಸಿಕಂದರ ಪಟ್ಟಕ್ಕೆ ಬಂದದ್ದು 1672ರಲ್ಲಿ. ಒಬ್ಬರನ್ನೊಬ್ಬರು ಕಂಡೇ ಇರದ ಅಜ್ಜ ಮೊಮ್ಮಕ್ಕಳನ್ನು ಕುಂಚದಿಂದ ಒಂದು ಕಡೆ ಕೂಡಿಸಬೇಕಾಯಿತು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಕೂಡಿಸಲು ರಾಜ್ಯವೇ ಉಳಿಯಲಿಲ್ಲ. ಈಗಿನ ಸ್ಟುಡಿಯೋಗಳಲ್ಲಿ ತೀರಿಹೋದ ಮುತ್ಯಾನ ತಲೆಯನ್ನು ಕಂಪ್ಯೂಟರಿನಲ್ಲಿ ಮಕ್ಕಳ ಪಕ್ಕಕ್ಕೆ ಅಂಟಿಸಿ ಕೊಡುವುದೂ ಇದೇ ಕೆಲಸ. ಮುತ್ಯಾ ಇದ್ದಾಗಲೇ ಒಂದು ಹೊರಸಿನ ಮೇಲೆ ಅವರನ್ನು ಕೂಡಿಸಿ ತೆಗೆದಿದ್ದರೆ ಖರ್ಚೂ ಇಲ್ಲ, ಅಂಟೂ ಇಲ್ಲ.

ಗುಮ್ಮಟ ದೊಡ್ಡದು, ಮನುಷ್ಯ ಸಣ್ಣವ

ಪಟ್ಟಣಕ್ಕೆ ನೆಂಟರು ಬಂದರೆ ಗೋಳಗುಮ್ಮಟಕ್ಕೆ ಹೋಗುವುದು, ಅಲ್ಲಿ ಗುಂಪಾಗಿ ನಿಲ್ಲುವುದು ರೂಢಿ. ಹೋಗಬೇಕಾದದ್ದೇ. ಆದರೆ ಅಲ್ಲಿ ಸಾಮಾನ್ಯವಾಗಿ ಆಗುವುದೇನು? ಮನೆಯವರೆಲ್ಲ ಕಟ್ಟಡದ ಮೆಟ್ಟಿಲ ತನಕ ನಡೆದುಹೋಗಿ ಸಾಲಾಗಿ ನಿಲ್ಲುತ್ತಾರೆ. ಫೋಟೋ ತೆಗೆಯುವ ಹುಡುಗ ಗುಮ್ಮಟ ಪೂರ್ತಿ ಬರಲಿ ಎಂದು ಹಿಂದೆ ಹಿಂದೆ ಸರಿಯುತ್ತಾನೆ. ಗುಮ್ಮಟವೇನೋ ಬರುತ್ತದೆ, ಮನೆಯವರು ಇರುವೆ ಸಾಲಾಗುತ್ತಾರೆ.

ಈ ಊರನ್ನು ಮೊದಮೊದಲು ಕ್ಯಾಮರಾದಲ್ಲಿ ಹಿಡಿದವರ ಉದ್ದೇಶವೇ ಬೇರೆ ಇತ್ತು. ಬಾಂಬೆ ಸರ್ಕಾರದ ಸೇವೆಯಲ್ಲಿದ್ದ ಬಿಗ್ಸ್ ಎಂಬ ಸೇನಾಧಿಕಾರಿ 1850ರ ದಶಕದಲ್ಲಿ ಇಲ್ಲಿನ ಗುಮ್ಮಟ ಮಸೀದಿಗಳ ಚಿತ್ರ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ ಅವು ದೊಡ್ಡ ಪುಸ್ತಕವಾಗಿ ಪ್ರಕಟವಾದವು. ಅದರ ಬರಹಗಾರರಲ್ಲಿ ಒಬ್ಬರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಅಂಥ ಕಟ್ಟಡದ ಚಿತ್ರಗಳಲ್ಲಿ ಮನುಷ್ಯನನ್ನು ನಿಲ್ಲಿಸುವುದು ಕಟ್ಟಡದ ಎತ್ತರ ತಿಳಿಯಲೆಂದು. ಅವನ ಹೆಸರು ಯಾರಿಗೂ ಬೇಕಿಲ್ಲ. ನಿಮ್ಮ ಆಯಿ ಅಳತೆಗೋಲಲ್ಲವಲ್ಲ!

ಲೆಕ್ಕ ಹಾಕಿ ನೋಡಿರಿ. ಇಂದಿನ ಸಾಧಾರಣ ಮೊಬೈಲ್ ಚಿತ್ರ ಅಡ್ಡಲಾಗಿ ಸುಮಾರು 4000 ಚುಕ್ಕಿಗಳಷ್ಟಿರುತ್ತದೆ. ಹದಿನೈದು ಮಂದಿ ಮೂರು ಸಾಲಾಗಿ, ಅಂಚಿನಿಂದ ಅಂಚಿಗೆ ಚಿತ್ರ ತುಂಬುವ ಹಾಗೆ ನಿಂತರೆ ಒಂದೊಂದು ಮುಖಕ್ಕೆ ಸುಮಾರು 200 ಚುಕ್ಕಿ ಅಗಲ ಸಿಗುತ್ತದೆ. ಅದರಿಂದ ಆಯಿಯ ಮುಖವನ್ನು ಅಂಗೈ ಅಗಲ ಮಾಡಿದರೂ ಗುರುತು ಕೆಡದು. ಅದೇ ಗುಂಪು ಚಿತ್ರದ ಐದನೆಯ ಒಂದು ಭಾಗದಲ್ಲಿ ಮಾತ್ರ ನಿಂತಿದ್ದರೆ ಮುಖಕ್ಕೆ 40 ಚುಕ್ಕಿ. ದೊಡ್ಡದು ಮಾಡಿದರೆ ಕಾಣುವುದು ಕಣ್ಣು ಮೂಗಲ್ಲ, ಮಸುಕಾದ ಚೌಕಗಳು.

ಉಪಾಯ ಸುಲಭ. ಮನೆಯವರನ್ನು ಕಟ್ಟಡದ ಹತ್ತಿರ ಕಳಿಸಬೇಡಿರಿ. ಎದುರಿನ ತೋಟದ ದಾರಿಯಲ್ಲೇ, ವಸ್ತುಸಂಗ್ರಹಾಲಯದ ಕಡೆಗೇ ಉಳಿಯಲಿ. ನೀವು ಅವರಿಂದ ಎಂಟು ಹತ್ತು ಹೆಜ್ಜೆ ದೂರದಲ್ಲಿ ಮೊಬೈಲನ್ನು ಎದೆಯ ಮಟ್ಟಕ್ಕೆ ಹಿಡಿದರೆ, ಗುಮ್ಮಟ ತಾನಾಗಿ ಅವರ ತಲೆಗಳ ಹಿಂದೆ ಬಂದು ನಿಲ್ಲುತ್ತದೆ. ಅದು ತುಸು ಕತ್ತರಿಸಿ ಹೋದರೂ ಚಿಂತೆಯಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು, ನಾಳೆಯೂ ಅಲ್ಲೇ ಇರುತ್ತದೆ. ಇನ್ನೊಂದು ಮಾತು. ಗುಮ್ಮಟದ ಮುಂಬಾಗಿಲು ದಕ್ಷಿಣಕ್ಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಗುಮ್ಮಟಕ್ಕೆ ಬೆನ್ನು ಮಾಡಿ ನಿಂತವರ ಕಣ್ಣಿಗೆ ಹಗಲೆಲ್ಲ ನೇರ ಬಿಸಿಲು. ಬೆಳಗ್ಗೆ ಬೇಗ ಇಲ್ಲವೇ ಇಳಿಹೊತ್ತಿನಲ್ಲಿ ಹೋದರೆ ಬಿಸಿಲು ಪಕ್ಕದಿಂದ ಬೀಳುತ್ತದೆ, ಮುಖ ಕಿವುಚುವುದು ತಪ್ಪುತ್ತದೆ.

ನನ್ನನ್ನು ಕೇಳಿದರೆ, ವಯಸ್ಸಾದವರಿರುವ ಕುಟುಂಬಕ್ಕೆ ಗೋಳಗುಮ್ಮಟಕ್ಕಿಂತ ಇಬ್ರಾಹಿಂ ರೋಜಾ ಮೇಲು. ಅಲ್ಲಿ ಸಮಾಧಿಯ ಸುತ್ತ ಕಮಾನುಗಳ ಪಡಸಾಲೆ ಇದೆ. ಅದರ ನೆರಳಿನಲ್ಲಿ, ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ, ಹೊರಗಿನ ಬೆಳಕಿಗೆ ಮುಖ ಮಾಡಿ ನಿಂತರೆ ಮುಖದ ಮೇಲೆ ಬೀಳುವ ಬೆಳಕು ಹಾಲಿನಂತಿರುತ್ತದೆ. ಹಿರಿಯರಿಗೆ ತಂಪು ಕೂಡ. ಬಾರಾಕಮಾನಿನ ಬರಿಯ ಕಮಾನುಗಳು ಗುಂಪಿಗೆ ಚೌಕಟ್ಟಿನಂತೆ ಒದಗುತ್ತವೆ, ಆದರೆ ಮೇಲೆ ಮಾಡಿಲ್ಲ, ಬಿಸಿಲೇರಿದ ಮೇಲೆ ಕಷ್ಟ. ಇವು ಸಮಾಧಿಗಳು, ಪಕ್ಕದಲ್ಲಿ ಮಸೀದಿಗಳೂ ಇವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಿ. ನಮ್ಮ ಸಿಮೆಟ್ರಿಯಲ್ಲಿ ಯಾರಾದರೂ ಕೇಕೆ ಹಾಕಿ ಹಾರಾಡಿದರೆ ನಮಗೆ ಹೇಗನ್ನಿಸುತ್ತದೆ? ಜುಮ್ಮಾ ಮಸೀದಿಯಲ್ಲಿ ಇಂದಿಗೂ ನಮಾಜು ನಡೆಯುತ್ತದೆ, ಅದನ್ನು ಫೋಟೋದ ಪರದೆ ಮಾಡಿಕೊಳ್ಳುವುದು ಬೇಡ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್ ಬಳಸಲು ಮುಂಚಿತವಾಗಿ ಅನುಮತಿ ಬೇಕು. ಕೈಯಲ್ಲಿ ಹಿಡಿದು ತೆಗೆದರೆ ಆ ತಾಪತ್ರಯವಿಲ್ಲ.

ನೆರಳೇ ಗಡಿಯಾರ

ಹಬ್ಬದ ದಿನದ ಫೋಟೋಗಳು ಕೆಡುವುದು ಬಹುಮಟ್ಟಿಗೆ ಹೊತ್ತಿನಿಂದಾಗಿ. ಬಲಿಪೂಜೆ ಮುಗಿದು, ಎಲ್ಲರನ್ನೂ ಮಾತಾಡಿಸಿ, ಮನೆಗೆ ಬಂದು, ಊಟವೂ ಆಗಿ, ಹಗಲು ಒಂದು ಗಂಟೆಗೆ "ಬರ್ರಿ ಬರ್ರಿ, ಫೋಟೋ" ಎಂದು ಕರೆಯುತ್ತಾರೆ. ಆಗ ಸೂರ್ಯ ನೆತ್ತಿಯ ಹತ್ತಿರ. ಹುಬ್ಬಿನ ಕೆಳಗೆ ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿ. ರುಮಾಲು ಸುತ್ತಿದ ಮುತ್ಯಾನ ಅರ್ಧ ಮುಖವೂ ತಲೆಯ ಮೇಲೆ ಸೆರಗು ಹೊದ್ದ ಆಯಿಯ ಪೂರ್ತಿ ಮುಖವೂ ನೆರಳಿನಲ್ಲಿ ಮುಳುಗುತ್ತವೆ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಬಿಸಿಲ ಪೆಟ್ಟು ತಿನ್ನುವುದು ಸೆರಗು ಹೊದ್ದ ಹಿರಿಯ ಹೆಣ್ಣುಮಕ್ಕಳ ಮುಖವೇ.

ಹೊತ್ತು ಅಳೆಯಲು ಗಡಿಯಾರ ಬೇಡ, ನೆಲ ನೋಡಿರಿ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ತೆಗೆಯಬಹುದು, ಗಿಡ್ಡವಿದ್ದರೆ ಮರದ ನೆರಳನ್ನು ಹುಡುಕಬೇಕು. ಕ್ರಿಸ್ಮಸ್ ಹೊತ್ತಿಗೆ ವಿಜಯಪುರದಲ್ಲಿ ಬೆಳಗಿನ ಹನ್ನೊಂದರ ತನಕವೂ, ಮಧ್ಯಾಹ್ನ ಎರಡರ ನಂತರವೂ ನೆರಳು ಆಳುದ್ದಕ್ಕಿಂತ ಹೆಚ್ಚಿರುತ್ತದೆ. ಅಂದರೆ ಬೆಳಗಿನ ಪೂಜೆ ಮುಗಿದ ಕೂಡಲೇ, ದೇವಾಲಯದ ಅಂಗಳದಲ್ಲೇ ಐದು ನಿಮಿಷ ನಿಂತರೆ ಸಾಕು. ಸಂಜೆ ಸೂರ್ಯ ಮುಳುಗುವುದು ಸುಮಾರು ಆರಕ್ಕೆ. ಐದರ ಮೇಲಿನ ಬೆಳಕು ಎಲ್ಲಕ್ಕಿಂತ ಸೊಗಸು. ಬೇಸಿಗೆ ರಜೆಯ ಕತೆ ಬೇರೆ. ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತೂ ಕಾಲಿಗೇ ನೆರಳು ಆಳಿನಷ್ಟಾಗಿ, ಮತ್ತೆ ಮಧ್ಯಾಹ್ನ ಮೂರೂವರೆಯ ತನಕ ಗಿಡ್ಡವಾಗಿಯೇ ಇರುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ ಸೂರ್ಯ ಈ ಊರಿನ ನೆತ್ತಿಯ ಮೇಲೆಯೇ ಹಾಯುತ್ತಾನೆ, ಆಗ ನಡುಹಗಲಿನಲ್ಲಿ ನೆಟ್ಟ ಗೂಟಕ್ಕೂ ನೆರಳಿರುವುದಿಲ್ಲ. ಮೇ ತಿಂಗಳ ಮದುವೆಗಳಲ್ಲಿ ಮಂಟಪದ ಹೊರಗೆ ಮಧ್ಯಾಹ್ನ ತೆಗೆದ ಫೋಟೋಗಳಲ್ಲಿ ಬೀಗರೆಲ್ಲ ಸಿಟ್ಟಾದವರಂತೆ ಕಾಣುವುದು ಇದೇ ಕಾರಣಕ್ಕೆ, ಊಟದ ಮೇಲಿನ ಮುನಿಸಿಗಲ್ಲ.

ಮಣ್ಣಿನ ಬಣ್ಣವೂ ಇದರಲ್ಲಿ ಸೇರಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ನಮ್ಮದು ಎರೆ ಭೂಮಿ. ಕರಿ ಮಣ್ಣು ಬೆಳಕನ್ನು ನುಂಗಿಬಿಡುತ್ತದೆ, ಮೇಲಕ್ಕೆ ಮರಳಿಸುವುದಿಲ್ಲ. ಸಮುದ್ರದ ದಂಡೆಯ ಬಿಳಿ ಮರಳಿನ ಮೇಲೆ ಗದ್ದ ಮತ್ತು ಕಣ್ಣಿನ ಕೆಳಗೆ ಬೆಳಕು ತಾನಾಗಿ ಏರುತ್ತದೆ, ಎರೆ ಹೊಲದಲ್ಲಿ ಏರದು. ಅದಕ್ಕೆ ಮನೆಯಲ್ಲಿರುವ ಬಿಳಿ ಧೋತರವನ್ನೋ ಹಾಸಿಗೆಯ ಬಿಳಿ ಚಾದರವನ್ನೋ ಗುಂಪಿನ ಮುಂದೆ, ಚಿತ್ರದಲ್ಲಿ ಕಾಣದಷ್ಟು ಕೆಳಗೆ ನೆಲಕ್ಕೆ ಹಾಸಿರಿ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರ ಕಣ್ಣುಗಳು ಬೆಳಗುವುದನ್ನು ನೀವೇ ಕಾಣುವಿರಿ. ಫರಸಿ ಹಾಕಿದ ಅಂಗಳವಾದರೆ ಅದೇ ಸಾಕು. ಹಾಗೆಯೇ, ಬಿಳಿ ಅಂಗಿ ಬಿಳಿ ಟೊಪ್ಪಿಗೆಯವರು ಹೆಚ್ಚು ಇದ್ದಾಗ ಮೊಬೈಲ್ 'ಬೆಳಕು ಜಾಸ್ತಿಯಾಯಿತು' ಎಂದು ತಿಳಿದು ಇಡೀ ಚಿತ್ರವನ್ನು ಮಂದ ಮಾಡುತ್ತದೆ, ಮುಖಗಳು ಕಪ್ಪಾಗುತ್ತವೆ. ತೆರೆಯ ಮೇಲೆ ಹಿರಿಯರೊಬ್ಬರ ಮುಖದ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಅದು ಮುಖಕ್ಕೆ ತಕ್ಕಂತೆ ಸರಿಹೋಗುತ್ತದೆ.

ತಿಕೋಟಾದ ಶೆಡ್ಡು, ಬಬಲೇಶ್ವರದ ಬದು

ಅಥಣಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಸಿಗುವ ತಿಕೋಟಾ ದ್ರಾಕ್ಷಿಯ ಸೀಮೆ. ಅಲ್ಲಿ ಕೆಲಸಕ್ಕಿರುವವರು, ಅಲ್ಲಿಗೆ ನೆಂಟಸ್ತಿಕೆ ಬೆಳೆಸಿದವರು ದ್ರಾಕ್ಷಿ ಪಡದಲ್ಲಿ ಫೋಟೋ ತೆಗೆಸಿಕೊಳ್ಳಲು ಇಷ್ಟಪಡುತ್ತಾರೆ. ಬಳ್ಳಿಯ ಅಡಿಯಲ್ಲಿ ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವುದರಿಂದ ಮುಖದ ಮೇಲೆಲ್ಲ ಮಚ್ಚೆ ಮೂಡಿದಂತಾಗುತ್ತದೆ. ಬಳ್ಳಿಯನ್ನು ಹಿಂದಿಟ್ಟುಕೊಂಡು ಹೊರಗಿನ ನೆರಳಿನಲ್ಲಿ ನಿಲ್ಲುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯ ಜಾಗ ಒಣದ್ರಾಕ್ಷಿಯ ಶೆಡ್ಡು. ಫೆಬ್ರವರಿಯಿಂದ ಏಪ್ರಿಲ್ ತನಕ ಕೊಯ್ದ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಬಿಸಿಲು ನೇರವಾಗಿ ತಾಗದಂತೆ ಜಾಳಿಗೆಯ ಮೇಲೆ ಹಲವು ಅಂತಸ್ತಾಗಿ ಹರಡಿ ಒಣಗಿಸುತ್ತಾರಲ್ಲ, ಅದೇ ಶೆಡ್ಡು. ಕಾಯಿಯ ಬಣ್ಣ ಕೆಡದಿರಲೆಂದು ಮಾಡಿದ ನೆರಳು ಮುಖಕ್ಕೂ ಅಷ್ಟೇ ಹಿತ. ಒಂದೇ ಎಚ್ಚರ: ಸುತ್ತ ಕಟ್ಟಿದ ಪರದೆ ಹಸಿರಾಗಿದ್ದರೆ ಅದರ ತೀರ ಹತ್ತಿರ ನಿಂತವರ ಮುಖವೂ ಹಸಿರುಗಟ್ಟುತ್ತದೆ. ಪರದೆಯಿಂದ ದೂರ, ಶೆಡ್ಡಿನ ತೆರೆದ ಬಾಯಿಯ ಕಡೆಗೆ ನಿಲ್ಲಿರಿ. ಮಾಲೀಕರನ್ನು ಕೇಳಿಯೇ ಹೋಗಿರಿ, ಮಕ್ಕಳು ಧೂಳೆಬ್ಬಿಸದಂತೆ ನೋಡಿಕೊಳ್ಳಿರಿ. ವರ್ಷದ ದುಡಿಮೆ ಅಲ್ಲಿ ತೆರೆದು ಹರಡಿರುತ್ತದೆ.

ಜಮಖಂಡಿ ರಸ್ತೆಯ ಬಬಲೇಶ್ವರದ ಕಡೆ ಕ್ರಿಸ್ಮಸ್ ಹೊತ್ತಿಗೆ ಹಿಂಗಾರಿ ಜೋಳ ಆಳೆತ್ತರಕ್ಕೆ ನಿಂತು ತೆನೆ ಬಿಟ್ಟಿರುತ್ತದೆ. ಹಿಂದೆ ಜೋಳ, ಮುಂದೆ ಮನೆಮಂದಿ. ಇದಕ್ಕಿಂತ ಚಂದದ ಪರದೆಯನ್ನು ಯಾವ ಸ್ಟುಡಿಯೋದವರೂ ಬರೆಸಿಲ್ಲ. ಬೆಳೆಯ ಒಳಗೆ ನುಗ್ಗದೆ ಬದುವಿನ ಮೇಲೆಯೇ ನಿಲ್ಲಿರಿ. ಎಳ್ಳ ಅಮಾವಾಸ್ಯೆಗೆ ನೆರೆಯವರು ಹೊಲದ ಊಟಕ್ಕೆ ಕರೆದರೆ ಮೊಬೈಲ್ ಒಯ್ಯಿರಿ, ಅವರ ಮನೆಯವರದೂ ಒಂದು ತೆಗೆದು ಕೊಡಿರಿ. ಮಮದಾಪುರದ ಕೆರೆಯ ದಂಡೆಯೂ ಚಂದವೇ. ಆದರೆ ನೀರಿನ ಹೊಳಪು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಹಿಂದೆ ಹಿಂದೆ ಸರಿಯುತ್ತ ಫೋಟೋ ತೆಗೆಯುವವರನ್ನು ನೀರಿನ ಕಡೆಗೆ ಬಿಡಲೇಬಾರದು.

ಯಾರು ನಡುವೆ, ಯಾರು ಬಿಟ್ಟುಹೋದರು

ಹಿರಿಯರು ಕುರ್ಚಿ ಅಥವಾ ಹೊರಸಿನ ಮೇಲೆ, ಮಕ್ಕಳು ಅವರ ಮುಂದೆ ಜಮಖಾನದ ಮೇಲೆ, ಉಳಿದವರು ಹಿಂದೆ. ಇದು ಹಳೆಯ ಕ್ರಮ, ಈಗಲೂ ಇದೇ ಸರಿ. ನೇರ ಗೆರೆಯಂತೆ ನಿಲ್ಲದೆ ತುಸು ಬಾಗಿದರೆ ತುದಿಯವರೂ ಚೆನ್ನಾಗಿ ಬರುತ್ತಾರೆ. ಮೊಬೈಲ್‌ನ ತೀರ ಅಗಲದ ಲೆನ್ಸು ಅಂಚಿನಲ್ಲಿ ನಿಂತವರನ್ನು ಎಳೆದು ದಪ್ಪ ಮಾಡುತ್ತದೆ. ಜಾಗವಿದ್ದರೆ ನೀವೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಹಿನ್ನೆಲೆಯನ್ನು ಮಸುಕು ಮಾಡುವ ವ್ಯವಸ್ಥೆಯನ್ನು ಗುಂಪಿಗೆ ಬಳಸಬೇಡಿರಿ, ಅದು ಹಿಂದಿನ ಸಾಲಿನ ಸೊಸೆಯನ್ನೇ ಮಸುಕು ಮಾಡೀತು.

ನಡುವಿನ ಕುರ್ಚಿ ಯಾರಿಗೆ? ಗಂಡನನ್ನು ಕಳೆದುಕೊಂಡ ಆಯಿ ಅನೇಕ ಮನೆಗಳಲ್ಲಿ ತಾನಾಗಿ ಹಿಂದೆ ಸರಿಯುತ್ತಾಳೆ. "ನಂದೇನ ಫೋಟೋ ತಗೀತೀರಿ, ನೀವ ನಿಂದರ್ರಿ" ಎನ್ನುತ್ತಾಳೆ. ಮಂಗಳ ಕಾರ್ಯದಲ್ಲಿ ವಿಧವೆ ಮುಂದೆ ಬರಬಾರದೆಂಬ ಹಳೆಯ ಭಾವನೆ ಕ್ರೈಸ್ತರ ಮನೆಗಳಿಂದಲೂ ಪೂರ್ತಿ ಹೋಗಿಲ್ಲ. ಅದನ್ನು ಮಾತಿನಿಂದ ವಾದಿಸುತ್ತ ಕೂಡುವುದಕ್ಕಿಂತ ಹಿರಿಯ ಮಗ ಹೋಗಿ ಕೈ ಹಿಡಿದು ಕರೆತಂದು, "ಯವ್ವಾ, ನೀ ಇಲ್ಲಿ ಕೂಡು" ಎಂದು ನಡುವಿನ ಕುರ್ಚಿಯಲ್ಲಿ ಕೂಡಿಸಲಿ. ಎದ್ದು ನಿಲ್ಲಲಾಗದವರಿದ್ದರೆ ಉಳಿದವರು ಅವರ ಮಟ್ಟಕ್ಕೆ ಕೂತರಾಯಿತು. ಹಾಸಿಗೆ ಹಿಡಿದವರಿದ್ದರೆ ಹೊರಸಿನ ಸಮೇತ ಅಂಗಳಕ್ಕೆ ತರಬಹುದು. ಮೂವರು ಮಾತ್ರ ಫೋಟೋದಲ್ಲಿ ನಿಲ್ಲಬಾರದು, ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತುಗಳನ್ನು ನಾವು ನಂಬಬೇಕಾಗಿಲ್ಲ.

ಇನ್ನು ಅಡುಗೆಮನೆ. ಫೋಟೋ ಎಂದು ಕರೆಯುವ ಹೊತ್ತಿಗೆ ಇಬ್ಬರು ಸೊಸೆಯಂದಿರು ಒಲೆಯ ಮುಂದಿರುತ್ತಾರೆ. "ಬರ್ತೀವಿ, ನೀವ ತಗೀರಿ" ಎಂಬ ಉತ್ತರ ಬರುತ್ತದೆ, ಫೋಟೋ ಮುಗಿದೇ ಹೋಗುತ್ತದೆ. ತೆಗೆಯುವ ಮುಂಚೆ ಮನೆಯವರ ಹೆಸರು ಹೇಳುತ್ತ ಎಣಿಸಿರಿ. ಹದಿನಾರು ಇರಬೇಕಾದಲ್ಲಿ ಹದಿನಾಲ್ಕಾದರೆ ಒಲೆ ಆರಿಸಿ ಅವರನ್ನು ಕರೆತನ್ನಿರಿ. ಹದಿನಾರನೆಯವರು ಫೋಟೋ ತೆಗೆಯುವವರೇ. ಪ್ರತಿ ಸಲ ತೆಗೆಯುತ್ತಲೇ ಇರುವ ಮಗನೋ ಅಳಿಯನೋ ಯಾವ ಚಿತ್ರದಲ್ಲೂ ಇರುವುದಿಲ್ಲ. ಮೊಬೈಲನ್ನು ಟ್ರ್ಯಾಕ್ಟರಿನ ಮೇಲೋ ಎರಡು ಇಟ್ಟಿಗೆಗಳ ನಡುವೆಯೋ ನಿಲ್ಲಿಸಿ ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಿಬರಬಹುದು. ಅದೂ ಬೇಡವೆಂದರೆ ದಾರಿಹೋಕರೊಬ್ಬರನ್ನು ಕೇಳಿರಿ, ಬೇಡವೆನ್ನುವವರು ಕಡಿಮೆ.

ಕಣ್ಣು ಮುಚ್ಚುವ ಸಮಸ್ಯೆಗೆ ಒಂದು ಸ್ವಾರಸ್ಯದ ಲೆಕ್ಕವಿದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು, ಗುಂಪಿನಲ್ಲಿ ಒಬ್ಬರದೂ ಕಣ್ಣು ಮುಚ್ಚಿರದ ಚಿತ್ರ ಸಿಗಲು ಎಷ್ಟು ಸಲ ತೆಗೆಯಬೇಕೆಂದು ಗಣಿತ ಹಾಕಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2006ರಲ್ಲಿ ಅವರಿಗೆ ಬಂತು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ತಲೆಗಳನ್ನು ಮೂರರಿಂದ ಭಾಗಿಸಿರಿ, ಬೆಳಕು ಕಡಿಮೆಯಿದ್ದರೆ ಎರಡರಿಂದ. ಹದಿನೈದು ಮಂದಿಗೆ ಒಳ್ಳೆಯ ಬೆಳಕಿನಲ್ಲಿ ಐದು ಸಲ, ಮಬ್ಬಿನಲ್ಲಿ ಏಳೆಂಟು ಸಲ. ಐವತ್ತರಷ್ಟು ಜನರಾದರೆ ಆಸೆಯನ್ನೇ ಬಿಡಬೇಕು ಎನ್ನುತ್ತಾರೆ ಅವರು. ನಮ್ಮ ಬೇಸಿಗೆಯ ಗಾಳಿ ಧೂಳಿಗೆ ಎರಡು ಹೆಚ್ಚೇ ತೆಗೆಯಿರಿ. ಒಂದು ರೀಲಿನಲ್ಲಿ ಹನ್ನೆರಡೋ ಮೂವತ್ತಾರೋ ಚಿತ್ರ ಮಾತ್ರ ಬರುತ್ತಿದ್ದ ಕಾಲದಲ್ಲಿ ಇದು ದುಬಾರಿ. ಈಗ ಬೆರಳಿನ ಶ್ರಮವಷ್ಟೇ.

ಗುಂಪಿನ ಚಿತ್ರ ಮುಗಿದ ಮೇಲೆ ಎಲ್ಲರನ್ನೂ ಚದುರಲು ಬಿಟ್ಟು, ಆಯಿ ಮುತ್ಯಾರನ್ನು ಅದೇ ಕುರ್ಚಿಯಲ್ಲಿ ಎರಡು ನಿಮಿಷ ಉಳಿಸಿಕೊಳ್ಳಿರಿ. ಇಬ್ಬರದೂ ಒಟ್ಟಿಗೆ ಒಂದು, ಒಬ್ಬೊಬ್ಬರದು ಒಂದೊಂದು. ಮುಂದೆ ಯಾರನ್ನೂ ಯಾರ ಪಕ್ಕದಿಂದಲೂ ಕತ್ತರಿಸಬೇಕಾಗಿ ಬರುವುದಿಲ್ಲ. ಯಾವಾಗ ಎಂದು ಕೇಳಿದರೆ, ಕ್ರಿಸ್ಮಸ್ಸಿನ ನಂತರದ ಪವಿತ್ರ ಕುಟುಂಬದ ಹಬ್ಬದ ಭಾನುವಾರ ಒಳ್ಳೆಯದು. ಊರಿಗೆ ಬಂದವರು ಇನ್ನೂ ಹೊರಟಿರುವುದಿಲ್ಲ, ಎಲ್ಲರ ಮೈಮೇಲೂ ಒಳ್ಳೆಯ ಬಟ್ಟೆ ಇರುತ್ತದೆ.

ತೆಗೆದ ಮೇಲೆ

ಮೊಬೈಲ್ ಕಳೆಯುತ್ತದೆ, ಒಡೆಯುತ್ತದೆ, ನೀರಿಗೆ ಬೀಳುತ್ತದೆ. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿಹೋಗುತ್ತದೆ. ಮುದ್ರಣಕ್ಕೆ ಬೇಕಾದುದನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲದ ಚುಕ್ಕಿಗಳೆಲ್ಲ ಉಳಿಯುತ್ತವೆ. ಹೆಣ್ಣುಮಕ್ಕಳ, ಸಣ್ಣ ಮಕ್ಕಳ ಚಿತ್ರಗಳನ್ನು ಎಲ್ಲರೂ ನೋಡುವ ಕಡೆ ಹಾಕುವ ಮುನ್ನ ಅವರನ್ನೂ ತಾಯಂದಿರನ್ನೂ ಕೇಳಿರಿ. ಐದು ಚಿತ್ರಗಳಲ್ಲಿ ಚೆನ್ನಾದದ್ದನ್ನು ಆರಿಸಿ ಅದೇ ವಾರ ಕಾಗದದ ಮೇಲೆ ಹಾಕಿಸಿರಿ. ಒಂದು ಈ ಮನೆಗೆ, ಒಂದು ಗೋವಾಕ್ಕೆ ಹೋಗುವವನ ಚೀಲಕ್ಕೆ, ಒಂದು ಮಗಳ ಮನೆಗೆ. ಒಂದು ಮನೆಯಲ್ಲಿ ಮಳೆಗೆ ನೆನೆದರೂ ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ.

ಹೆಸರು ಬರೆಯುವುದನ್ನು ಮರೆಯದಿರಿ. ಹಳೆಯ ಟ್ರಂಕುಗಳಲ್ಲಿ ಸಿಗುವ ಎಷ್ಟೋ ಚಿತ್ರಗಳಲ್ಲಿ ಎಡತುದಿಯ ಹೆಂಗಸು ಯಾರೆಂದು ಹೇಳುವವರು ಈಗ ಯಾರೂ ಇಲ್ಲ. ನುಣುಪಾದ ಕಾಗದದ ಹಿಂಬದಿಗೆ ಪೆನ್ನಿನಿಂದ ಒತ್ತಿ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ. ಆದ್ದರಿಂದ ಬೇರೆ ಕಾಗದದ ಮೇಲೆ ಬರೆದು ಹಿಂದಕ್ಕೆ ಅಂಟಿಸಿರಿ: ದಿನಾಂಕ, ಊರು, ಎಡದಿಂದ ಬಲಕ್ಕೆ ಒಂದೊಂದು ಸಾಲಿನವರ ಹೆಸರು. ಬರೀ 'ಆಯಿ', 'ದೊಡ್ಡವ್ವ' ಎಂದಲ್ಲ, ಅವರ ಜ್ಞಾನಸ್ನಾನದ ಪೂರ್ಣ ಹೆಸರು, ತವರೂರಿನ ಸಮೇತ. ಅದನ್ನು ಬರೆಯಲು ಆಯಿಯ ಪಕ್ಕದಲ್ಲೇ ಕೂಡಿರಿ. ಹಿಂದಿನ ಸಾಲಿನಲ್ಲಿ ನಿಂತ ದೂರದ ನೆಂಟರ ಹೆಸರು ನಿಮಗಿಂತ ಅವಳಿಗೇ ಚೆನ್ನಾಗಿ ನೆನಪಿರುತ್ತದೆ.